ಎರಡೇ ಹೆಜ್ಜೆ ಇಟ್ಟರೂ ಟ್ರಾವೆಲಿಂಗ್ ಯಾಕೆ?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಪಿಯುಸಿ ಓದುತ್ತಿದ್ದೇನೆ, ಬಾಸ್ಕೆಟ್‌ಬಾಲ್ ಆಡುತ್ತೇನೆ. ಮ್ಯಾಚ್‌ನಲ್ಲಿ ನಿಂತಲ್ಲೇ ಪಾಸ್ ಹಿಡಿದು ಎಡಗಾಲು, ಬಲಗಾಲು ಅಂತ ಎರಡೇ ಹೆಜ್ಜೆ ಇಟ್ಟು ಲೇಅಪ್ (ಬುಟ್ಟಿಯ ಹತ್ತಿರ ಹೋಗಿ ಹಾರಿ ಹಾಕುವ ಶಾಟ್) ಹಾಕಿದೆ. ರೆಫ್ರಿ ಟ್ರಾವೆಲಿಂಗ್ (ಬಾಲ್ ಹಿಡಿದು ನಿಯಮ ಮೀರಿ ಹೆಜ್ಜೆ ಇಡುವ ತಪ್ಪು) ಕೊಟ್ಟರು. ಟಿವಿಯಲ್ಲಿ ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ಆಟಗಾರರು ಮೂರು ಹೆಜ್ಜೆ ಇಟ್ಟರೂ ಸೀಟಿ ಊದಲ್ಲ. ಎರಡು ಹೆಜ್ಜೆಗೆ ಅವಕಾಶ ಇದೆ ಅಲ್ವಾ?

ಉತ್ತರ: ಇದೆ. ಆದರೆ ಅದು ಓಡುತ್ತಾ ಬಾಲ್ ಹಿಡಿದವರಿಗೆ, ಇಲ್ಲವೇ ಡ್ರಿಬಲ್ (ಬಾಲನ್ನು ನೆಲಕ್ಕೆ ಪುಟಿಸುತ್ತಾ ಸಾಗುವುದು) ಮುಗಿಸಿ ಬಾಲ್ ಕೈಗೆ ತೆಗೆದುಕೊಂಡವರಿಗೆ. ನೀವು ನಿಂತಿದ್ದಿರಿ. ನಿಂತವರ ಲೆಕ್ಕವೇ ಬೇರೆ.

ಎರಡೂ ಕಾಲು ನೆಲದ ಮೇಲಿದ್ದಾಗ ಬಾಲ್ ಸಿಕ್ಕರೆ, ಒಂದು ಕಾಲು ಎತ್ತಿದ ಕೂಡಲೇ ಇನ್ನೊಂದು ಪಿವೊಟ್ ಆಗುತ್ತದೆ. ಬೀಸುವ ಕಲ್ಲಿನ ಗೂಟದ ಹಾಗೆ ಅದು ಇದ್ದಲ್ಲೇ ಇರಬೇಕು. ಅದರ ಸುತ್ತ ನೀವು ಯಾವ ಕಡೆ ಬೇಕಾದರೂ ತಿರುಗಿ, ಎಳೆದಾಡಬೇಡಿ ಅಷ್ಟೇ. ನೀವು ಎಡಗಾಲು ಎತ್ತಿದಿರಿ, ಬಲಗಾಲು ಪಿವೊಟ್ ಆಯಿತು. ಶಾಟ್‌ಗೋ ಪಾಸ್‌ಗೋ ಅದನ್ನೂ ಎತ್ತಿ ಹಾರಬಹುದು. ಆದರೆ ಬಾಲ್ ಕೈಬಿಡುವ ಮೊದಲು ಅದು ಮತ್ತೆ ನೆಲಕ್ಕೆ ತಾಗಬಾರದು. ನಿಮ್ಮ ಎರಡನೇ ಹೆಜ್ಜೆಯಲ್ಲಿ ತಾಗಿತು. ರೆಫ್ರಿ ಸರಿಯಾಗಿಯೇ ಊದಿದ್ದಾರೆ.

ಇನ್ನು ಟಿವಿಯ ಆ ಮೂರನೇ ಹೆಜ್ಜೆ. ಓಡುವಾಗ ಬಾಲ್ ಹಿಡಿತಕ್ಕೆ ಬಂದ ಗಳಿಗೆಯಲ್ಲಿ ನೆಲದ ಮೇಲಿರುವ ಕಾಲು ಲೆಕ್ಕಕ್ಕಿಲ್ಲ. ಅದಾದ ಮೇಲೆ ಒಂದು, ಎರಡು. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ನಿಯಮದಲ್ಲೂ 2017ರ ಅಕ್ಟೋಬರ್‌ನಿಂದ ಇದು ಹೀಗೇ ಇದೆ. ಹೊರಗೆ ನಿಂತು 'ಟ್ರಾವೆಲ್, ಟ್ರಾವೆಲ್' ಅಂತ ಕೂಗುವವರು ಬರೀ ಕಾಲು ನೋಡುತ್ತಾರೆ, ಕೈ ನೋಡುವುದೇ ಇಲ್ಲ.

ನನ್ನನ್ನು ಕೇಳಿದರೆ, ಲೇಅಪ್‌ಗಿಂತ ಡ್ರಿಬಲ್ ಶುರು ಮಾಡುವಾಗಲೇ ಜಾಗ್ರತೆ ಜಾಸ್ತಿ ಬೇಕು. ಎದುರಿನವರನ್ನು ದಾಟುವ ಅವಸರದಲ್ಲಿ ಪಿವೊಟ್ ಕಾಲು ಮೊದಲು ಏಳುತ್ತದೆ, ಬಾಲ್ ಆಮೇಲೆ ಕೈಬಿಡುತ್ತದೆ. ಬಾಲ್ ಮೊದಲು, ಕಾಲು ಆಮೇಲೆ ಆಗಬೇಕು. ಓಡುತ್ತಾ ಪಾಸ್ ಹಿಡಿದು ಡ್ರಿಬಲ್ ಶುರು ಮಾಡುವುದಾದರೆ, ಎರಡನೇ ಹೆಜ್ಜೆಗೆ ಮುಂಚೆಯೇ ಬಾಲ್ ಕೈಬಿಟ್ಟಿರಬೇಕು.

ಇದಕ್ಕೆ ಕೋರ್ಟೇ ಬೇಕಂತಿಲ್ಲ. ನಮ್ಮ ಕಡೆ ಎಷ್ಟೋ ಅಂಗಳಗಳಲ್ಲಿ ಶಹಾಬಾದ್ ಫರಸಿ (ಚಪ್ಪಡಿ ಕಲ್ಲು) ಹಾಸಿರುತ್ತಾರೆ. ಎರಡು ಫರಸಿಯ ನಡುವಿನ ಗೆರೆಗೆ ಹೊಂದಿಸಿ ಪಿವೊಟ್ ಕಾಲಿಡಿ. ಇನ್ನೊಂದು ಕಾಲು ಮುಂದಿಟ್ಟು, ಬಾಲ್ ನೆಲಕ್ಕೆ ತಳ್ಳಿ, ಆಮೇಲೆ ಪಿವೊಟ್ ಎತ್ತಿ. ಯಾರಾದರೂ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ಮಾಡಿದರೆ ಕಾಲು ಎಲ್ಲಿ ಜಾರಿತು ಅಂತ ಗೆರೆಯೇ ತೋರಿಸುತ್ತದೆ.

ಮ್ಯಾಚ್‌ನಲ್ಲಿ ಪಿವೊಟ್ ಯಾವುದೆಂದು ಗೊಂದಲವಾಗುವುದಾದರೆ, ಸಣ್ಣಗೆ ಹಾರಿ ಗಾಳಿಯಲ್ಲೇ ಪಾಸ್ ಹಿಡಿದು ಎರಡೂ ಕಾಲು ಒಟ್ಟಿಗೆ ಊರಿ. ಆಗ ಯಾವ ಕಾಲನ್ನಾದರೂ ಪಿವೊಟ್ ಮಾಡಿಕೊಳ್ಳಬಹುದು.

ಬಾಲ್ ಹಿಡಿದೇ ಬಿದ್ದರೆ? ಬೀಳುವುದು, ಬಿದ್ದು ಜಾರುವುದು ತಪ್ಪಲ್ಲ. ಬಾಲ್ ಹಿಡಿದುಕೊಂಡು ಉರುಳಿದರೆ ಅಥವಾ ಎದ್ದು ನಿಲ್ಲಲು ಹೋದರೆ ಟ್ರಾವೆಲಿಂಗ್, ಬಾಲ್ ಎದುರು ಟೀಮಿಗೆ. ಅದಕ್ಕೇ ಬಿದ್ದಲ್ಲಿಂದಲೇ ಪಾಸ್ ಕೊಡಿ.