ಹಾರ್ವರ್ಡ್ ಬಾಗಿಲಲ್ಲಿ ‘ಮೆರಿಟ್’: ಒಂದು ಅಧ್ಯಯನ ಟಿಪ್ಪಣಿ

ಈ ಪಾಠವನ್ನು 1922ರ ಒಂದು ಅರ್ಜಿ ಫಾರಂನಿಂದ ಶುರು ಮಾಡೋಣ. ಆ ವರ್ಷ ಹಾರ್ವರ್ಡ್ ಸೇರಬೇಕೆನ್ನುವ ಹುಡುಗರಿಗೆ ಕೊಟ್ಟ ಫಾರಂನಲ್ಲಿ ಕೆಲವು ಹೊಸ ಪ್ರಶ್ನೆಗಳು ಬಂದವು. ನಿಮ್ಮ ಜನಾಂಗ ಯಾವುದು? ಧರ್ಮ? ತಾಯಿಯ ತವರುಮನೆ ಹೆಸರೇನು? ತಂದೆ ಹುಟ್ಟಿದ್ದು ಎಲ್ಲಿ? ಹುಟ್ಟಿದ ಮೇಲೆ ನಿಮ್ಮ ಹೆಸರನ್ನಾಗಲಿ, ತಂದೆಯ ಹೆಸರನ್ನಾಗಲಿ ಬದಲಾಯಿಸಿಕೊಂಡಿದ್ದರೆ ಪೂರ್ತಿ ವಿವರಿಸಿ.

ಕಾಲೇಜಿಗೆ ಇದೆಲ್ಲಾ ಯಾಕೆ ಬೇಕು? ನಮ್ಮ ಕಡೆ ಹೊಸಬರು ಸಿಕ್ಕಾಗ “ಯಾವೂರು, ಯಾರ ಪೈಕಿ?” ಅಂತ ಕೇಳುತ್ತಾರಲ್ಲ, ಹಾಗೆ. ಕೇಳುವವರಿಗೆ ಊರಿನ ಹೆಸರು ಬೇಕಾಗಿರುವುದಿಲ್ಲ. ಹಾರ್ವರ್ಡ್‌ಗೆ ಬೇಕಾಗಿದ್ದದ್ದು ಹುಡುಗ ಯಹೂದಿಯೋ ಅಲ್ಲವೋ ಅನ್ನೋದು. ಆಗ ಪ್ರವೇಶ ಪರೀಕ್ಷೆ ಪಾಸಾದರೆ ಸೀಟು ಸಿಗುತ್ತಿತ್ತು. ಪೂರ್ವ ಯೂರೋಪಿನಿಂದ ವಲಸೆ ಬಂದ ಯಹೂದಿಗಳ ಮಕ್ಕಳು ಚೆನ್ನಾಗಿ ಓದಿ ಪಾಸಾಗತೊಡಗಿದರು. 1922ರ ಹೊತ್ತಿಗೆ ಹೊಸದಾಗಿ ಸೇರುವ ಐವರಲ್ಲಿ ಒಬ್ಬರಿಗಿಂತ ಜಾಸ್ತಿ ಅವರೇ. ಆಗಿನ ಅಧ್ಯಕ್ಷ ಲೋವೆಲ್, ಇವರ ಪ್ರಮಾಣ ಶೇ. 15 ದಾಟಬಾರದು ಅಂತ ಹೊರಟರು. ಬಹಿರಂಗವಾಗಿ ಮಿತಿ ಹಾಕಲು ಅಧ್ಯಾಪಕರ ಸಮಿತಿ ಒಪ್ಪಲಿಲ್ಲ. ಸರಿ, 1926ರಲ್ಲಿ ದಾರಿ ಬದಲಾಯಿತು. ಬರೀ ಅಂಕ ಸಾಲದು, ಹುಡುಗನ ‘ಗುಣನಡತೆ’ ನೋಡಬೇಕು, ಫೋಟೋ ಲಗತ್ತಿಸಬೇಕು ಅಂತಾಯಿತು. ಕೆಲವೇ ವರ್ಷಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಪ್ರಮಾಣ ಇಳಿಯಿತು.

ಇದನ್ನು ಇಷ್ಟು ಉದ್ದ ಬರೆದದ್ದಕ್ಕೆ ಕಾರಣ ಇದೆ. ಹೊರಗಿನವರು ಇರುವ ಅಳತೆಯಲ್ಲಿ ಗೆದ್ದಾಗಲೆಲ್ಲ ಒಳಗಿನವರು ಅಳತೆಗೋಲನ್ನೇ ಬದಲಾಯಿಸಿದ್ದಾರೆ. ‘ಸವಲತ್ತು’ ಅನ್ನುವ ಪರಿಕಲ್ಪನೆಯನ್ನು ದುಡ್ಡು ಅಂತಷ್ಟೇ ಓದಿದರೆ ಈ ಪಾಠ ಕೈಗೆ ಸಿಗುವುದಿಲ್ಲ. ಯಾವುದು ಪ್ರತಿಭೆ ಅಂತ ತೀರ್ಮಾನಿಸುವ ಕುರ್ಚಿಯಲ್ಲಿ ಕೂತಿರುವುದೇ ದೊಡ್ಡ ಸವಲತ್ತು.

ಲೆಗಸಿ ಅಂದರೇನು?

ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಪ್ರವೇಶದಲ್ಲಿ ಕೊಡುವ ಆದ್ಯತೆಯೇ ಲೆಗಸಿ. ಅಮೆರಿಕದ ದೊಡ್ಡ ಕಾಲೇಜುಗಳಲ್ಲಿ ಇದು ಗಟ್ಟಿಯಾಗಿ ಬೇರೂರಿದ್ದು ಅದೇ 1920ರ ದಶಕದಲ್ಲಿ. ಇದನ್ನು ಓದುವಾಗ ನಾನೂ ಎಡವಿದ್ದೆ, ನಮ್ಮ ಮ್ಯಾನೇಜ್‌ಮೆಂಟ್ ಕೋಟಾ ಥರ ಅಂತ ನೋಟ್ಸ್‌ನಲ್ಲಿ ಬರೆದುಕೊಂಡುಬಿಟ್ಟಿದ್ದೆ. ಅದು ತಪ್ಪು. ಮ್ಯಾನೇಜ್‌ಮೆಂಟ್ ಸೀಟಿಗೆ ಬೇರೆ ಲೆಕ್ಕ, ಬೇರೆ ಫೀಸು. ಲೆಗಸಿಯಲ್ಲಿ ಪ್ರತ್ಯೇಕ ಸೀಟೇ ಇಲ್ಲ. ಎಲ್ಲರ ಸಾಲಿನಲ್ಲೇ ನಿಲ್ಲಿಸಿ, ಒಬ್ಬನನ್ನು ಮೆಲ್ಲಗೆ ಮುಂದಕ್ಕೆ ತಳ್ಳುತ್ತಾರೆ. ಒಳಗೆ ಹೋದ ಮೇಲೆ ಅವನೂ ಮೆರಿಟ್ ವಿದ್ಯಾರ್ಥಿಯೇ. ನಮ್ಮಲ್ಲಿ ಡೊನೇಷನ್ ಕೊಟ್ಟವನಿಗೆ ಆ ಹಣೆಪಟ್ಟಿಯಾದರೂ ಅಂಟುತ್ತದೆ, ಅಲ್ವಾ?

ಎಷ್ಟು ತಳ್ಳುತ್ತಾರೆ ಅನ್ನುವುದು ಹೊರಬಂದದ್ದು ಕೋರ್ಟ್ ಕೇಸಿನಿಂದ. ಏಷ್ಯಾ ಮೂಲದ ಮಕ್ಕಳಿಗೆ ಪ್ರವೇಶದಲ್ಲಿ ತಾರತಮ್ಯ ಆಗುತ್ತಿದೆ ಅಂತ 2014ರಲ್ಲಿ ಹಾರ್ವರ್ಡ್ ಮೇಲೆ ಹೂಡಿದ ದಾವೆಯಲ್ಲಿ ಅದರ ಪ್ರವೇಶದ ಕಡತಗಳು ಬಯಲಾದವು. ಆ ಅಂಕಿಗಳಲ್ಲಿ ಲೆಗಸಿ ಅರ್ಜಿದಾರರಲ್ಲಿ ಸುಮಾರು ಶೇ. 34 ಮಂದಿಗೆ ಸೀಟು ಸಿಕ್ಕಿತ್ತು, ಉಳಿದವರಲ್ಲಿ ಸುಮಾರು ಶೇ. 6 ಮಂದಿಗೆ. ಆಯ್ಕೆಯಾದ ಬಿಳಿಯ ವಿದ್ಯಾರ್ಥಿಗಳಲ್ಲಿ ಶೇ. 43 ಮಂದಿ ನಾಲ್ಕು ಗುಂಪಿನಲ್ಲಿ ಒಂದಕ್ಕೆ ಸೇರಿದವರು: ಆಟಗಾರರಾಗಿ ಬಂದವರು, ಹಳೆ ವಿದ್ಯಾರ್ಥಿಗಳ ಮಕ್ಕಳು, ದಾನಿಗಳ ಕಡೆಯವರು, ಅಲ್ಲಿನ ಅಧ್ಯಾಪಕ–ಸಿಬ್ಬಂದಿಯ ಮಕ್ಕಳು. ಆಟ ಅಂದರೆ ಕಬಡ್ಡಿ, ಓಟ ಅಂದುಕೊಳ್ಳಬೇಡಿ. ದೋಣಿ ಸ್ಪರ್ಧೆ, ಸ್ಕ್ವಾಷ್, ಕತ್ತಿವರಸೆ, ಹಾಯಿದೋಣಿ ಕೂಡ ಅದರಲ್ಲಿವೆ. ಹಾಯಿದೋಣಿ ಕಲಿಯೋಕೆ ಮೊದಲು ದೋಣಿ ಬೇಕು!

ಅದೇ ಕೇಸಿನಲ್ಲಿ ಇನ್ನೊಂದು ವಿಷಯ ಹೊರಬಂತು. ಹಾರ್ವರ್ಡ್ ಪ್ರತಿ ಅರ್ಜಿಗೂ ‘ವ್ಯಕ್ತಿತ್ವ’ಕ್ಕೆ ಒಂದು ಅಂಕ ಕೊಡುತ್ತದೆ. ಏಷ್ಯಾ ಮೂಲದ ಮಕ್ಕಳಿಗೆ ಓದಿನಲ್ಲಿ ಒಳ್ಳೆಯ ಅಂಕ ಇದ್ದರೂ ಇದರಲ್ಲಿ ಸರಾಸರಿ ಕಡಿಮೆ ಬಿದ್ದಿತ್ತು. ಅಮೆರಿಕದಲ್ಲಿ ನೆಲೆಸಿದ ಕನ್ನಡ ಮನೆಗಳ ಮಕ್ಕಳೂ ಈ ಗುಂಪಿನವರೇ. ಉದ್ದೇಶಪೂರ್ವಕ ತಾರತಮ್ಯ ಸಾಬೀತಾಗಿಲ್ಲ ಅಂತ ಕೆಳಗಿನ ಕೋರ್ಟು 2019ರಲ್ಲಿ ಹೇಳಿತು. ನನಗೆ ಮಾತ್ರ ಇದನ್ನು ಓದಿದಾಗ 1926ರ ‘ಗುಣನಡತೆ’ ನೆನಪಾಯಿತು.

ಅದೇ 2019ರಲ್ಲಿ ‘ವಾರ್ಸಿಟಿ ಬ್ಲೂಸ್’ ಹಗರಣ ಸಿಕ್ಕಿಬಿತ್ತು. ಆಟವನ್ನೇ ಆಡದ ಮಕ್ಕಳನ್ನು ಆಟಗಾರರೆಂದು ತೋರಿಸಿ ಸೀಟು ಕೊಡಿಸಿದ ಪ್ರಕರಣ ಅದು. ದಲ್ಲಾಳಿ ರಿಕ್ ಸಿಂಗರ್ ತನ್ನದನ್ನು ‘ಪಕ್ಕದ ಬಾಗಿಲು’ ಅಂತ ಕರೆಯುತ್ತಿದ್ದ. ಭಾರೀ ದಾನ ಕೊಟ್ಟು ಹೋಗುವುದು ಹಿಂಬಾಗಿಲು, ಅದರಲ್ಲೂ ಸೀಟು ಖಾತ್ರಿ ಇಲ್ಲ ಅನ್ನೋದು ಅವನ ವಾದ. ಪಕ್ಕದ ಬಾಗಿಲಿನವರು ಜೈಲಿಗೆ ಹೋದರು. ಹಿಂಬಾಗಿಲು ಕಾನೂನಿನ ಒಳಗೇ ಇದೆ.

ಪರೀಕ್ಷೆ ಬೇಕೋ ಬೇಡವೋ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಎಸ್‌ಎಟಿ ಅನ್ನುವ ಕಾಲೇಜು ಪ್ರವೇಶ ಪರೀಕ್ಷೆಗೆ ಶ್ರೀಮಂತರ ಮಕ್ಕಳು ಕೋಚಿಂಗ್ ತೆಗೆದುಕೊಳ್ಳುತ್ತಾರೆ, ಹಾಗಾಗಿ ಪರೀಕ್ಷೆ ತೆಗೆದರೆ ಬಡವರಿಗೆ ಅನುಕೂಲ ಅನ್ನುವುದು ಬಹಳ ಜನರ ನಂಬಿಕೆ. 2020ರಲ್ಲಿ ಕೋವಿಡ್ ಕಾರಣಕ್ಕೆ ಅನೇಕ ಕಾಲೇಜುಗಳು ಅಂಕ ಕಳಿಸುವುದು ಕಡ್ಡಾಯವಲ್ಲ ಅಂದವು. ಆದರೆ ಆಮೇಲೆ ಡಾರ್ಟ್‌ಮತ್ ತನ್ನ ಅರ್ಜಿಗಳನ್ನು ಪರಿಶೀಲಿಸಿದಾಗ ಸಿಕ್ಕಿದ್ದೇ ಬೇರೆ. ಬಡ ಹಿನ್ನೆಲೆಯ ಕೆಲವು ಮಕ್ಕಳು 1600ಕ್ಕೆ 1400ರ ಆಸುಪಾಸು ತೆಗೆದಿದ್ದರು. ಅವರ ಶಾಲೆಯ ಮಟ್ಟಕ್ಕೆ ಅದು ದೊಡ್ಡ ಸಾಧನೆ, ಕಳಿಸಿದ್ದರೆ ಸೀಟಿನ ಅವಕಾಶ ಹೆಚ್ಚುತ್ತಿತ್ತು. ಆದರೆ ಕಾಲೇಜಿನ ಸರಾಸರಿ ನೋಡಿ, ನಮ್ಮದು ಕಡಿಮೆ ಅಂದುಕೊಂಡು ಸುಮ್ನೆ ಮುಚ್ಚಿಟ್ಟಿದ್ದರು. ಎಂಐಟಿ 2022ರಲ್ಲೇ ಪರೀಕ್ಷೆಯನ್ನು ವಾಪಸ್ ತಂದಿತ್ತು. ಡಾರ್ಟ್‌ಮತ್, ಯೇಲ್, ಹಾರ್ವರ್ಡ್ 2024ರಲ್ಲಿ ಅದೇ ದಾರಿ ಹಿಡಿದವು.

ಪರೀಕ್ಷೆ ನಿಷ್ಪಕ್ಷಪಾತ ಅಂತ ಇದರ ಅರ್ಥವಲ್ಲ. ಉಳಿದ ಅಳತೆಗಳು ಅದಕ್ಕಿಂತ ಜಾಸ್ತಿ ದುಬಾರಿ ಅಷ್ಟೆ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ. ಪರೀಕ್ಷೆಯ ಅಂಕ ಒಂದೇ ಇದ್ದರೂ, ಅತಿ ಶ್ರೀಮಂತ ಶೇ. 1 ಕುಟುಂಬಗಳ ಮಕ್ಕಳು ಹಾರ್ವರ್ಡ್, ಯೇಲ್, ಎಂಐಟಿಯಂಥ 12 ಗಣ್ಯ ಕಾಲೇಜುಗಳಿಗೆ ಸೇರುವ ಸಾಧ್ಯತೆ ಮಧ್ಯಮ ವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು. ಮುಖ್ಯ ಕಾರಣಗಳು: ಲೆಗಸಿ, ಓದಿನಾಚೆಯ ಚಟುವಟಿಕೆಗಳಿಗೆ ಕೊಡುವ ತೂಕ, ಆಟಗಾರರ ಆಯ್ಕೆ.

ಈಗ ಏನಾಗುತ್ತಿದೆ?

2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್ ಹಾರ್ವರ್ಡ್‌ನ ಅದೇ ಕೇಸಿನಲ್ಲಿ, ಹಿಂದುಳಿದ ಗುಂಪುಗಳಿಗೆ ಆದ್ಯತೆ ಕೊಡಲು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಮರುವರ್ಷ ಎಂಐಟಿ ಸೇರಿದವರಲ್ಲಿ ಕಪ್ಪು ವಿದ್ಯಾರ್ಥಿಗಳ ಪ್ರಮಾಣ ಶೇ. 13ರ ಆಸುಪಾಸಿನಿಂದ ಶೇ. 5ಕ್ಕೆ ಬಿತ್ತು. ಲೆಗಸಿಯನ್ನು ಈ ತೀರ್ಪು ಮುಟ್ಟಲಿಲ್ಲ. ಹಿಂದುಳಿದವರಿಗೆ ಇದ್ದ ಊರುಗೋಲು ಹೋಯಿತು, ಮುಂದಿದ್ದವರ ಏಣಿ ಹಾಗೇ ಉಳಿಯಿತು. ಆಮೇಲೆ ಲೆಗಸಿ ವಿರುದ್ಧದ ಕೂಗು ಜೋರಾದದ್ದು ಇದಕ್ಕೇ.

ಕೆಲವರು ಮೊದಲೇ ಕೈಬಿಟ್ಟಿದ್ದರು. ಜಾನ್ಸ್ ಹಾಪ್ಕಿನ್ಸ್ ಇದನ್ನು ಸದ್ದಿಲ್ಲದೆ ನಿಲ್ಲಿಸಿ 2020ರಲ್ಲಿ ಬಹಿರಂಗಪಡಿಸಿತು. 2021ರಲ್ಲಿ ಆಮ್‌ಹರ್ಸ್ಟ್ ನಿಲ್ಲಿಸಿತು. ಕ್ಯಾಲಿಫೋರ್ನಿಯಾ 2024ರಲ್ಲಿ ಖಾಸಗಿ ಕಾಲೇಜುಗಳಿಗೂ ಅನ್ವಯಿಸುವ ನಿಷೇಧ ಕಾನೂನು ಮಾಡಿತು. ಅದಕ್ಕೆ ಸ್ಟ್ಯಾನ್‌ಫರ್ಡ್ 2025ರಲ್ಲಿ ಕೊಟ್ಟ ಉತ್ತರ ನೋಡಿ: ತನ್ನ ವಿದ್ಯಾರ್ಥಿಗಳಿಗೆ ರಾಜ್ಯ ಕೊಡುವ ‘ಕ್ಯಾಲ್ ಗ್ರಾಂಟ್’ ನೆರವೇ ಬೇಡ, ಆ ಹಣವನ್ನು ನಾವೇ ತುಂಬಿಕೊಡುತ್ತೇವೆ ಅಂದಿತು. ಅಪ್ಪ ಅಮ್ಮ ಇಲ್ಲೇ ಓದಿದ್ದರಾ ಅನ್ನುವ ಪ್ರಶ್ನೆಯನ್ನು ಮಾತ್ರ ಉಳಿಸಿಕೊಂಡಿತು.