ಭಾಗಮಂಡಲದ ಮೂರನೆಯ ಹೊಳೆ

ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆಗೆ ಕೊಡಗಿನ ಭಾಗಮಂಡಲದ ತ್ರಿವೇಣಿ ಸಂಗಮ ಮುಳುಗಿದಾಗೆಲ್ಲ ಒಂದು ಮಾತು ಕೇಳಿಬರುತ್ತದೆ: ನೆಲದಡಿ ಹರಿಯುವ ಗುಪ್ತಗಾಮಿನಿ ಸುಜ್ಯೋತಿ ಉಕ್ಕಿದ್ದಾಳೆ. ಕಣ್ಣಿಗೆ ಕಾಣುವುದು ಕಾವೇರಿ, ಕನ್ನಿಕೆ ಎರಡೇ. ಪುರಾಣದಲ್ಲಿ ಸುಜ್ಯೋತಿ ಇರಲಿ, ತಕರಾರಿಲ್ಲ. ಪ್ರವಾಹದ ಲೆಕ್ಕಕ್ಕೆ ಆಕೆಯನ್ನು ಎಳೆದು ತರುವುದು ಬೇಡ. ನೆಲದಡಿ ಹೊಳೆ ಹರಿಯಬೇಕಾದರೆ ಸಾಮಾನ್ಯವಾಗಿ ನೀರಿಗೆ ಕರಗುವ ಸುಣ್ಣದ ಕಲ್ಲು ಬೇಕು. ಕೊಡಗಿನ ತಳದಲ್ಲಿರುವುದು ನೈಸ್, ಚಾರ್ನೊಕೈಟ್‌ನಂಥ ಗಟ್ಟಿ ಬಂಡೆ. ಅಂತರ್ಜಲ ಅದರ ಬಿರುಕುಗಳಲ್ಲಿ, ಮೇಲಿನ ಶಿಥಿಲ ಮಣ್ಣಿನಲ್ಲಿ ಜಿನುಗುತ್ತದೆ, ಅಷ್ಟೆ.

ಕಣ್ಣೆದುರಿನ ಎರಡು ಹೊಳೆಗಳೇ ಊರು ಮುಳುಗಿಸಲು ಸಾಕು. ಒಂದು ಚದರ ಕಿಲೋಮೀಟರಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ 10 ಕೋಟಿ ಲೀಟರ್ ನೀರು. ಕಕ್ಕಡದಲ್ಲಿ ಒಂದೇ ದಿನ ಅಷ್ಟು ಸುರಿದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಜೂನ್‌ನಲ್ಲಿ ಮಣ್ಣು ನೀರು ಕುಡಿಯುತ್ತದೆ. ಜುಲೈ ಹೊತ್ತಿಗೆ ಬಿದ್ದದ್ದರಲ್ಲಿ ಹೆಚ್ಚಿನದು ನೇರ ಕೊಲ್ಲಿಗೆ, ಅಂದರೆ ಬೆಟ್ಟದ ತೊರೆಗೆ, ಇಳಿಯುತ್ತದೆ.

ತಲಕಾವೇರಿಯ ಎತ್ತರ 1276 ಮೀಟರ್. ರಸ್ತೆಯಲ್ಲಿ 8 ಕಿ.ಮೀ. ಇಳಿದರೆ ಭಾಗಮಂಡಲ. ಇಳಿಜಾರಿನಲ್ಲಿ ಓಡಿಬಂದ ನೀರು ಇಲ್ಲಿ ಗದ್ದೆಬಯಲಿಗೆ ಬಿದ್ದು ನಿಧಾನವಾಗುತ್ತದೆ. ಒಂದು ಹೊಳೆ ತುಂಬಿ ಸಂಗಮದ ಮಟ್ಟ ಏರಿತೆಂದರೆ ಇನ್ನೊಂದಕ್ಕೆ ಮುಂದೆ ಹೋಗಲು ಬೇಕಾದ ಇಳುಕಲೇ ಕಡಿಮೆಯಾಗುತ್ತದೆ. ಮೇಲಿಂದ ಬರುವುದೋ ನಿಲ್ಲದು. ನೀರು ಹಿಂದಕ್ಕೆ ಒತ್ತಿ, ದಂಡೆ ಮೀರಿ ಗದ್ದೆ, ರಸ್ತೆಗೆ ಹರಡುತ್ತದೆ. ತೇಲುವ ಕಸಕಡ್ಡಿ ಹರಿದು ಹೋಗದೆ ನಿಂತಲ್ಲೇ ಸುತ್ತುತ್ತಿದ್ದರೆ ಹಿನ್ನೀರು ಶುರುವಾಗಿರಬಹುದು. ಊರಿನಲ್ಲಿ ಮಳೆ ಬಿಟ್ಟಿತೆಂದು ನಿಶ್ಚಿಂತರಾಗುವಂತಿಲ್ಲ, ಬೆಟ್ಟದ ನೀರು ಇನ್ನೂ ಇಳಿಯುತ್ತಿರುತ್ತದೆ.

ಇಂಥ ಜಾಗದಲ್ಲಿ ಊರೇಕೆ ಬೆಳೆಯಿತು? ಭಗಂಡೇಶ್ವರನ ಸನ್ನಿಧಿ ಒಂದು ಕಾರಣ. ಕರಿಕೆ ಮೂಲಕ ಕೇರಳದ ಪಾಣತ್ತೂರಿಗೆ ಇಳಿಯುವ ಘಟ್ಟದ ದಾರಿ ಇನ್ನೊಂದು. ಟಿಪ್ಪು ಭಾಗಮಂಡಲವನ್ನು ವಶಪಡಿಸಿಕೊಂಡು ಅಫ್ಜಲಾಬಾದ್ ಎಂದು ಕರೆದಿದ್ದ. 1790ರಲ್ಲಿ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಮರಳಿ ಗೆದ್ದುಕೊಂಡ.

ಈಗ ಮೇಲ್ಸೇತುವೆ ಬಂದಿದೆ. ಅದು ರಸ್ತೆಯನ್ನು ಎತ್ತಿತೇ ಹೊರತು ಹೊಳೆಯನ್ನು ಇಳಿಸಲಿಲ್ಲ. ಕಂಬದ ಮೇಲೆ ಕಟ್ಟಿದ್ದು ಒಳ್ಳೆಯದೇ ಆಯಿತು. ಉದ್ದಕ್ಕೂ ಮಣ್ಣು ತುಂಬಿ ಎತ್ತರಿಸಿದ್ದರೆ ಅದೇ ಒಡ್ಡಾಗುತ್ತಿತ್ತು. ಗದ್ದೆಗೆ ಮಣ್ಣು ಸುರಿಯುವಾಗಲೂ ಈ ಲೆಕ್ಕ ನೆನಪಿರಲಿ. ಒಂದು ಎಕರೆಯಲ್ಲಿ 15 ಸೆಂ.ಮೀ. ನೀರು ನಿಂತರೆ ಸುಮಾರು 6 ಲಕ್ಷ ಲೀಟರ್. ಗದ್ದೆ ಮುಚ್ಚಿ ಅಂಗಡಿ ಎಬ್ಬಿಸಿದರೆ ಅಷ್ಟೂ ನೀರು ಪಕ್ಕದವರ ಅಂಗಳಕ್ಕೆ.