ಪಿ, ಎಚ್, ವೈ, ಜಿ: ಈ ನಾಲ್ಕು ಅಕ್ಷರ ಇರುವ ಉದ್ದ ಪದ ಹುಡುಕೋದು ಹೇಗೆ?

ಪ್ರಶ್ನೆ ಇಷ್ಟೇ. ಪಿ, ಎಚ್, ವೈ, ಜಿ ನಾಲ್ಕೂ ಇರುವ ಇಂಗ್ಲಿಷ್ ಪದ ಹೇಳಬೇಕು. ಉದ್ದ ಇದ್ದಷ್ಟೂ ಒಳ್ಳೆಯದು. ಅಕ್ಷರಗಳು ಯಾವ ಕ್ರಮದಲ್ಲಾದರೂ ಬರಬಹುದು, ನಡುವೆ ಬೇರೆ ಅಕ್ಷರ ಎಷ್ಟು ಬೇಕಾದರೂ ಸೇರಬಹುದು.

ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಪದದ ಆಟಗಳಲ್ಲಿ ಮೂರು ಥರದ ನಿಯಮ ಇರುತ್ತದೆ, ಅವು ಸುಲಭವಾಗಿ ಕಲಸಿಹೋಗುತ್ತವೆ. ಸ್ಕ್ರಾಬಲ್‌ನಲ್ಲಿ ಕೈಯಲ್ಲಿರುವ ಒಂದೊಂದು ಬಿಲ್ಲೆಯನ್ನು ಒಂದೇ ಸಲ ಬಳಸಬೇಕು. ಪತ್ರಿಕೆಯಲ್ಲಿ ಬರುವ ಸ್ಪೆಲಿಂಗ್ ಬೀ ಎಂಬ ಒಗಟಿನಲ್ಲಿ ಕೊಟ್ಟ ಏಳು ಅಕ್ಷರಗಳನ್ನು ಎಷ್ಟು ಸಲ ಬೇಕಾದರೂ ಬಳಸಬಹುದು, ಆದರೆ ಎಂಟನೆಯದು ಬರುವಂತಿಲ್ಲ. ನಮ್ಮದು ಮೂರನೆಯದು: ಕೊಟ್ಟದ್ದು ಇರಲೇಬೇಕು, ಬೇರೆಯದು ಬಂದರೆ ತಕರಾರಿಲ್ಲ. ಉದ್ದ ಪದಗಳು ಸಿಗೋದು ಇದರಲ್ಲೇ.

ನಾನು ಮೊದಲ ಸಲ ಕೂತಾಗ ನಾಲ್ಕು ಅಕ್ಷರ ಹಾಳೆ ಮೇಲೆ ಬರೆದು ಹಿಂದೆ ಮುಂದೆ ಮಾಡುತ್ತಾ ಇದ್ದೆ. ಒಂದು ಪದವೂ ಹೊಳೆಯಲಿಲ್ಲ. ಆಮೇಲೆ ಗೊತ್ತಾದದ್ದು, ತಡೆಯುತ್ತಿದ್ದುದು ನನ್ನ ಕಿವಿ. ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಪದವನ್ನು ಸದ್ದಿನಿಂದ ಹಿಡಿದಿಟ್ಟುಕೊಂಡವರು. ಕನ್ನಡದಲ್ಲಿ ಅದು ನಡೆಯುತ್ತದೆ, ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ಸದ್ದು ಅಕ್ಷರವನ್ನು ಮುಚ್ಚಿಡುತ್ತದೆ. 'ಫೋಟೋಗ್ರಫಿ' ಅಂತ ದಿನಾ ಹೇಳುತ್ತೇವೆ, ಅದರಲ್ಲಿ 'ಪ' ಕೇಳಿಸುತ್ತದಾ? 'ಹ' ಕೇಳಿಸುತ್ತದಾ? ಇಲ್ಲ, ಅಲ್ವಾ. ಈಗ ಬಿಡಿಸಿ ಬರೆಯಿರಿ: ಪಿ-ಎಚ್-ಓ-ಟಿ-ಓ-ಜಿ-ಆರ್-ಎ-ಪಿ-ಎಚ್-ವೈ. ನಾಲ್ಕೂ ಅಲ್ಲೇ ಕೂತಿವೆ! ಒಟ್ಟು 11 ಅಕ್ಷರ.

ಹಾಗಾಗಿ ಮೊದಲ ಕೆಲಸ ಅಕ್ಷರ ಅದಲು ಬದಲು ಮಾಡೋದಲ್ಲ. ಕೊಟ್ಟ ಅಕ್ಷರ ಯಾವ ಯಾವ ಸದ್ದಿನ ಹಿಂದೆ ಅಡಗಿರುತ್ತದೆ ಅಂತ ಕೇಳಿಕೊಳ್ಳೋದು. ಪಿ, ಎಚ್ ಜೊತೆಯಾದರೆ 'ಫ'. ಎಚ್ ಒಂಟಿಯಾಗಿ ಬರೋದು ಕಡಿಮೆ, ಸಿ, ಟಿ, ಎಸ್, ಜಿ ಇವುಗಳ ಬೆನ್ನಿಗೆ ಅಂಟಿಕೊಂಡಿರುತ್ತದೆ. ವೈ ಪದದ ಕೊನೆಯಲ್ಲಿ ಹೆಚ್ಚಾಗಿ 'ಇ' ಆಗುತ್ತದೆ, ನಡುವೆ 'ಐ' ಕೂಡ ಆಗಬಹುದು. ಜಿ ಅಂತೂ 'ಗ', 'ಜ' ಎರಡೂ ಹೌದು. 'ರೈಟ್'ನಲ್ಲಿ (ಆರ್-ಐ-ಜಿ-ಎಚ್-ಟಿ) ಎಚ್ ಜೊತೆ ಸೇರಿ ಸದ್ದೇ ಮಾಡದೆ ಸುಮ್ನೆ ಇದ್ದುಬಿಡುತ್ತದೆ.

ಇನ್ನು ಅಕ್ಷರಗಳನ್ನು ಗೊಂಚಲು ಮಾಡಿ. ಉದ್ದ ಪದ ಅಂದರೆ ತಲೆ, ಬೇರು, ಬಾಲ. ಒಂದು ಬಾಲ ಎಷ್ಟು ಅಕ್ಷರ ಒಟ್ಟಿಗೆ ನುಂಗುತ್ತದೆ ನೋಡಿ. 'ಗ್ರಫಿ' ಎಂಬ ಬಾಲ ನಮ್ಮ ನಾಲ್ಕನ್ನೂ ನುಂಗುತ್ತದೆ. ಬರೆಯುವುದು ಎಂಬ ಅರ್ಥದ ಗ್ರೀಕ್ ಮೂಲದ್ದು. ಇದು ಸಿಕ್ಕಿತು ಅಂದರೆ ಮುಂದೆ ತಲೆ ಜೋಡಿಸೋದಷ್ಟೇ ಕೆಲಸ. ಬಿಬ್ಲಿಯೋಗ್ರಫಿ 12, ಆಟೋಬಯಾಗ್ರಫಿ 13, ಸಿನಿಮಾಟೋಗ್ರಫಿ 14. ಇನ್ನೂ ಬೇಕಾ? ತಲೆಗೆ ವೈರ್ ಅಂಟಿಸಿ ಮಾಡುವ ಇಇಜಿ ಪರೀಕ್ಷೆ ಕೇಳಿರುತ್ತೀರಿ. ಆ ಪರೀಕ್ಷಾ ವಿಧಾನದ ಪೂರ್ತಿ ಹೆಸರು ಎಲೆಕ್ಟ್ರೋಎನ್ಸೆಫಲೋಗ್ರಫಿ. ವಿದ್ಯುತ್ತಿಗೆ 7 ಅಕ್ಷರ, ಮೆದುಳಿಗೆ 9, ಬರೆಯೋದಕ್ಕೆ 6. ಒಟ್ಟು 22. ಹೀಗೆ ಒಡೆದು ನೋಡಿದ ಮೇಲೆ ಈ ಪದದ ಸ್ಪೆಲಿಂಗ್ ನನಗೆ ಮರೆತೇ ಇಲ್ಲ.

ಒಂದು ದಾರಿ ಸಿಕ್ಕಿತು ಅಂತ ನಿಲ್ಲಿಸಬೇಡಿ. 'ಲಜಿ' ಬಾಲ ಜಿ ಮತ್ತು ವೈ ಕೊಡುತ್ತದೆ. ಪಿ, ಎಚ್ ಬೇರಿನಲ್ಲಿ ಸಿಕ್ಕರೆ ಸಾಕು: ಸೈಕಾಲಜಿ 10, ಆಂತ್ರೊಪಾಲಜಿ 12. ಸೈಕಾಲಜಿಯ ಮೊದಲ ಪಿ ಕಿವಿಗೆ ಬೀಳೋದೇ ಇಲ್ಲ, ನೆನಪಿಡಿ. 'ಇಂಗ್' ಬಾಲ ಜಿ ಒಂದನ್ನು ಕೊಡುತ್ತದೆ, ಆಗ ಸಿಂಪಥೈಸಿಂಗ್ ಬರುತ್ತದೆ, 12. ಹೈಪಾಥಿಸೈಸಿಂಗ್ ಆದರೆ 13.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು 'ಗ್ಲಿಫ್' ಎಂಬ ಬೇರು. ಜಿ-ಎಲ್-ವೈ-ಪಿ-ಎಚ್, ಐದೇ ಅಕ್ಷರದಲ್ಲಿ ನಮ್ಮ ನಾಲ್ಕೂ ಇವೆ. ಇದೂ ಗ್ರೀಕ್, ಕೆತ್ತನೆ ಎಂಬ ಅರ್ಥ. ಈಜಿಪ್ಟಿನ ಚಿತ್ರಲಿಪಿಗೆ ಹೇಳುವ ಹೈರೋಗ್ಲಿಫಿಕ್ಸ್, 13 ಅಕ್ಷರ. ಬೆರಳು, ಅಂಗೈ ಮೇಲಿನ ಗೆರೆಗಳ ಅಧ್ಯಯನಕ್ಕೆ ಡರ್ಮಟೋಗ್ಲಿಫಿಕ್ಸ್ ಅನ್ನುತ್ತಾರೆ, ಚರ್ಮದ ಮೇಲಿನ ಕೆತ್ತನೆ ಅಂತ. 15 ಅಕ್ಷರ, ಒಂದೂ ಎರಡನೇ ಸಲ ಬರೋದಿಲ್ಲ! ಬೇಕಾದರೆ ಬರೆದು ಒಂದೊಂದಾಗಿ ಹೊಡೆದು ಹಾಕಿ ನೋಡಿ.

ಇಂಥದೇ ಇನ್ನೊಂದು ಪದ 'ಅನ್‌ಕಾಪಿರೈಟಬಲ್'. ಅದೂ 15, ಅದರಲ್ಲೂ ಮರುಕಳಿಸುವ ಅಕ್ಷರ ಇಲ್ಲ, ಅದರಲ್ಲೂ ನಮ್ಮ ನಾಲ್ಕು ಇವೆ. ಪಿ-ವೈ 'ಕಾಪಿ'ಯಲ್ಲಿ, ಜಿ-ಎಚ್ 'ರೈಟ್'ನಲ್ಲಿ. ಇಲ್ಲಿ ಪಿ, ಎಚ್ ಜೊತೆಯಾಗಿಲ್ಲ, 'ಫ' ಇಲ್ಲವೇ ಇಲ್ಲ. 'ಫ' ಒಂದನ್ನೇ ಹಿಡಿದು ಹೊರಟವರಿಗೆ ಇದು ಸಿಗೋದಿಲ್ಲ. ಮೇಲೆ ಸದ್ದುಗಳನ್ನೆಲ್ಲ ಮೊದಲೇ ಬರೆದುಕೊಳ್ಳಿ ಅಂದದ್ದು ಇದಕ್ಕೇ.

ಕಂಪ್ಯೂಟರ್ ಬಳಸುವವರಿಗೆ ಸಣ್ಣ ಟಿಪ್ಪಣಿ. ಸಾಲಿಗೊಂದು ಪದ ಇರುವ ಪಟ್ಟಿ ಬಹಳಷ್ಟು ಲಿನಕ್ಸ್ ಯಂತ್ರಗಳಲ್ಲಿ 'ವರ್ಡ್ಸ್' ಎಂಬ ಫೈಲಿನಲ್ಲಿ ಸಿಗುತ್ತದೆ. 'ಗ್ರೆಪ್' ಕಮಾಂಡಿನಿಂದ ಮೊದಲು ಪಿ ಇರುವ ಸಾಲುಗಳನ್ನು ಆರಿಸಿ. ಬಂದದ್ದನ್ನು ಪೈಪ್ ಮಾಡಿ, ಅಂದರೆ ಮುಂದಿನ ಕಮಾಂಡಿಗೆ ದಾಟಿಸಿ, ಎಚ್‌ಗೆ ಸೋಸಿ, ಆಮೇಲೆ ವೈ, ಜಿ. ಒಂದೊಂದೇ ಜರಡಿ ಹಿಡಿಯೋದರಿಂದ ಅಕ್ಷರಗಳ ಕ್ರಮದ ತಲೆನೋವು ಇರೋದಿಲ್ಲ. ಕೊನೆಗೆ ಉದ್ದದ ಪ್ರಕಾರ ಜೋಡಿಸಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಂದರೆ ಪದವನ್ನು 'ಸೆಟ್' (ಒಂದೊಂದು ಅಕ್ಷರ ಒಂದೇ ಸಲ ಇರುವ ಗುಂಪು) ಮಾಡಿ, ನಮ್ಮ ನಾಲ್ಕು ಅದರ ಒಳಗೆ ಇವೆಯಾ ಅಂತ ಕೇಳಿದರೆ ಮುಗಿಯಿತು. ಒಂದು ಎಚ್ಚರ: ಪಿ ಎರಡು ಸಲ ಬರಬೇಕು ಅಂತ ಪ್ರಶ್ನೆ ಇದ್ದರೆ ಸೆಟ್ ಸಾಲದು. ಸೆಟ್ ಇದೆಯೋ ಇಲ್ಲವೋ ಅಂತಷ್ಟೇ ಹೇಳುತ್ತದೆ, ಎಷ್ಟು ಅಂತ ಹೇಳುವುದಿಲ್ಲ. ಫೋಟೋಗ್ರಫಿಯಲ್ಲಿ ಎರಡು ಪಿ, ಕಾಪಿರೈಟ್‌ನಲ್ಲಿ ಒಂದೇ, ಸೆಟ್‌ಗೆ ಎರಡೂ ಒಂದೇ. ಆಗ ಎಣಿಸಲೇಬೇಕು.

ಆದರೂ ಹತ್ತು ನಿಮಿಷ ಹಾಳೆ ಮೇಲೆ ಹುಡುಕಿ, ಆಮೇಲೆ ಕಂಪ್ಯೂಟರ್ ಮುಟ್ಟಿ ಅನ್ನೋದು ನನ್ನ ಸಲಹೆ. ಪಟ್ಟಿ ನೋಡಿದ ಪದ ಸಂಜೆಗೆ ಮರೆತುಹೋಗುತ್ತದೆ, ಬೇರು ಹಿಡಿದು ಕಟ್ಟಿದ ಪದ ಉಳಿಯುತ್ತದೆ.

ಅಭ್ಯಾಸಕ್ಕೆ ಕ್ಯೂ ಮತ್ತು ಎಕ್ಸ್ ತೆಗೆದುಕೊಳ್ಳಿ. ಕ್ಯೂ ಬಂದರೆ ಹಿಂದೆಯೇ ಯು ಬಂತು ಅಂತ ಬರೆದುಕೊಳ್ಳಿ, ಆಗ ಸದ್ದು 'ಕ್ವ' ಅಥವಾ 'ಕ'. ಎಕ್ಸ್ ಪದದ ಮೊದಲಲ್ಲಿ ಇ ಜೊತೆ ಬರೋದು ಜಾಸ್ತಿ. ಹಗಲು ರಾತ್ರಿ ಸಮವಾಗುವ ದಿನಕ್ಕೆ ಹೇಳುವ ಈಕ್ವಿನಾಕ್ಸ್‌ನಲ್ಲಿ ಎರಡೂ ಇವೆ, 7 ಅಕ್ಷರ. ಎಕ್ಸ್‌ಕ್ವಿಸಿಟ್ ಆದರೆ 9. ಅದಕ್ಕೆ 'ನೆಸ್' ಬಾಲ ಕಟ್ಟಿ, 13 ಆಯಿತು.